ರುಚಿ ನೋಡುವುದು ತಿನ್ನುವುದಲ್ಲ

ಸೌಟಕ್ಕ ದೊಡ್ಡ ಸರ್ ಅವರ ಟೈ ಹಿಡಿದೆಳೆದದ್ದು ಬೇಕೆಂದೇನಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ತೂರಿಸಿ ತಿರುವಿದಂತಾಯಿತು. ಕಣ್ಣಿಗೆ ಕತ್ತಲೆ ಕವಿಯಿತು. ಬೀಳುವವಳ ಕೈ ಗಾಳಿಯಲ್ಲಿ ತಡಕಾಡಿ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ನೀಲಿ ಪಟ್ಟೆಯ ಟೈ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ, ನಿಜ. ಆದರೆ ಹುಲ್ಲುಕಡ್ಡಿಯ ಇನ್ನೊಂದು ತುದಿಗೆ ಹೊಟ್ಟೆ ವಿಭಾಗದ ಮುಖ್ಯಸ್ಥರು ಇರುವುದಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಮಧ್ಯಾಹ್ನದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ನಲವತ್ತು ಜನರ ಕಣ್ಣೆದುರಿಗೆ ದೊಡ್ಡ ಸರ್ ನಿಧಾನವಾಗಿ ಬಾಗಿದರು, ಇನ್ನೂ ಬಾಗಿದರು, ಕೊನೆಗೆ ಅವರ ಕನ್ನಡಕ ಮೂಗಿನಿಂದ ಜಾರಿ ಸೂಪಿನ ಪಾತ್ರೆಯೊಳಗೆ ಬುಳುಕ್ ಎಂದಿತು.

ಆ ಭಂಗಿಯಲ್ಲೇ, ಹಬೆಗೆ ಮುಖ ಒಡ್ಡಿಕೊಂಡೇ, ಅವರು ರೋಗ ಕಂಡುಹಿಡಿದರು.

“ಗ್ಯಾಸು! ಏನಿಲ್ಲ, ಬರೀ ಗ್ಯಾಸು! ಮೊದ್ಲು ಟೈ ಬಿಡಿ!”

ಸಾಲಿನಲ್ಲಿದ್ದವರು ನಕ್ಕರು. ಸೌಟಕ್ಕ ಟೈ ಬಿಟ್ಟಳು, ನೆಲದ ಮೇಲೆ ಕುಳಿತಳು, ಎರಡು ನಿಮಿಷ ಹಲ್ಲು ಕಚ್ಚಿದಳು, ಎದ್ದಳು, ಜಾಲರಿ ಸೌಟಿನಿಂದ ಕನ್ನಡಕ ಎತ್ತಿ ತೊಳೆದು ಕೊಟ್ಟಳು. ಸೂಪನ್ನು ಚೆಲ್ಲಿ ಬೇರೆ ಮಾಡಲು ಇಟ್ಟಳು. ಅವಳ ನೋವಿಗಿಂತ ಆ ಸೂಪಿನ ನಷ್ಟದ ಬಗ್ಗೆಯೇ ಸಾಲಿನಲ್ಲಿ ಹೆಚ್ಚು ಮಾತಾಯಿತು.

ಇದನ್ನೆಲ್ಲ ಸಾಲಿನ ಕೊನೆಯಲ್ಲಿ ನಿಂತು ನೋಡಿದವಳು ಅವಳ ನಾದಿನಿ. ಅದೇ ಆಸ್ಪತ್ರೆಯ ಮುಂಬಾಗಿಲಿನ ಪಕ್ಕದ ಕಿಟಕಿಯಲ್ಲಿ ಕುಳಿತು ಹೊರರೋಗಿಗಳ ಚೀಟಿ ಬರೆಯುವುದು ಅವಳ ಕೆಲಸ. ನಗುವ ನಲವತ್ತು ಬಾಯಿ ನೋಡಿ ನಾದಿನಿಗೆ ಪಿತ್ತ ನೆತ್ತಿಗೇರಿತು. ಅತ್ತಿಗೆಯ ಪಿತ್ತ ಮಾತ್ರ ಇದ್ದಲ್ಲೇ ಇದ್ದು ಕಲ್ಲುಗಟ್ಟುತ್ತಿತ್ತು. ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಉಸಾಬರಿಗೂ ಯಾರೂ ಹೋಗಿರಲಿಲ್ಲ.

ಆರು ಅಂತಸ್ತಿನ ಆಸ್ಪತ್ರೆ ಅದು. ಕ್ಯಾಂಟೀನು ನೆಲಮಾಳಿಗೆಯಲ್ಲಿ, ಶವಾಗಾರದ ಪಕ್ಕ ಅಲ್ಲ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಎರಡೂ ಕಡೆಯಿಂದ ಹಬೆ. ಸೌಟಕ್ಕ ಅಲ್ಲಿಗೆ ಅಡುಗೆಗೆಂದು ಬಂದು ಹದಿನೇಳು ವರ್ಷ. ಗಂಡನ ಕಾರ್ಖಾನೆ ಬಾಗಿಲು ಹಾಕಿದ ವಾರ ಬಂದವಳು, ಗಂಡನಿಗೆ ಬೇರೆ ಕೆಲಸ ಸಿಕ್ಕ ಮೇಲೂ ಸೌಟು ಬಿಡಲಿಲ್ಲ. ಮೂರು ವರ್ಷ ಕಳೆದು ನಾದಿನಿಗೂ ಚೀಟಿ ಬರೆಯುವ ಕೆಲಸ ಕೊಡಿಸಿದ್ದು ಅವಳೇ, ಯಾರದೋ ತಟ್ಟೆಗೆ ಒಂದು ಮೊಟ್ಟೆ ಹೆಚ್ಚು ಹಾಕಿ.

“ಮದುವೆಯಾಗಿ ಬಂದಾಗ ನಮ್ಮತ್ತಿಗೆಗೆ ಟೀ ಕಾಸೋಕೂ ಬರ್ತಿರ್ಲಿಲ್ಲ,” ಎಂದು ನಾದಿನಿ ಎಲ್ಲರೆದುರು ಹೇಳುವುದುಂಟು.

“ಕಾಸೋಕೆ ಬರ್ತಿತ್ತು, ನಿಮ್ಮ ಮನೇಲಿ ಯಾರ್ಗೂ ಕುಡಿಯೋಕೆ ಬರ್ತಿರ್ಲಿಲ್ಲ,” ಎಂದು ಅತ್ತಿಗೆ ಬಾಣಲೆಯಿಂದ ತಲೆ ಎತ್ತದೆ ಹೇಳುವುದುಂಟು.

ಏಪ್ರನ್ನಿನ ಜೇಬಿನಲ್ಲಿ ಅವಳದೊಂದು ಸಣ್ಣ ಸ್ಟೀಲ್ ಚಮಚ. ಬೆಳಗಿನ ಐದು ಗಂಟೆಗೆ ಒಲೆ ಹತ್ತಿದರೆ ಆ ಚಮಚ ಪ್ರತಿ ಪಾತ್ರೆಗೂ ಮೂರು ಸಲ ಇಳಿಯುತ್ತಿತ್ತು: ಉಪ್ಪು ಬಿದ್ದಾಗ, ಅರ್ಧ ಬೆಂದಾಗ, ಇಳಿಸುವ ಮುಂಚೆ. ಸೂಪು, ಬೆಣ್ಣೆ ಹಾಕಿ ಕಲಸಿದ ಆಲೂಗಡ್ಡೆ, ಹಾಲಿನ ಗಂಜಿ, ಕೆನೆ ಹಾಕಿದ ಸಿಹಿ. ನಾಲಿಗೆ ಒಪ್ಪಿದರೆ ಪಾತ್ರೆ ಮೇಲಕ್ಕೆ ಹೋಗುತ್ತಿತ್ತು, ಇಲ್ಲದಿದ್ದರೆ ಸಾಕ್ಷಾತ್ ಆಸ್ಪತ್ರೆಯ ಮಾಲೀಕರೇ ಬಂದು ಹಸಿದು ನಿಂತರೂ ಇಲ್ಲ. ತಟ್ಟೆ ಹಾಕಿಕೊಂಡು ಕುಳಿತು ಉಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. “ನಂಗೆ ಹಸಿವೇ ಆಗಲ್ಲ, ಗಾಳಿ ಕುಡ್ಕೊಂಡೇ ಬದುಕ್ತೀನಿ,” ಎಂದು ಅವಳೂ ನಂಬಿದ್ದಳು.

ನೋವು ಶುರುವಾಗಿ ಮೂರು ವರ್ಷ. “ಒಳಗೆ ಯಾರೋ ಸೀದುಹೋದ ಪಾತ್ರೆ ತಿಕ್ಕಿದ ಹಾಗೆ,” ಎಂದು ಅವಳು ಹೇಳುತ್ತಿದ್ದಳು. ಬಲಪಕ್ಕೆಯಲ್ಲಿ ಹುಟ್ಟಿ, ಬೆನ್ನಿಗೆ ಹೋಗಿ, ಬಲಭುಜದ ಹಲಗೆ ಮೂಳೆಯ ಹಿಂದೆ ಗೂಡು ಕಟ್ಟುವ ನೋವು. ಒಂದು ಗಂಟೆ, ಎರಡು ಗಂಟೆ, ಒಮ್ಮೊಮ್ಮೆ ನಾಲ್ಕು. ಜೊತೆಗೆ ವಾಂತಿ. ಆಮೇಲೆ ಏನೂ ಆಗಿಲ್ಲವೆಂಬಂತೆ ಮಾಯ.

ಇಲ್ಲೇ ನಾದಿನಿಗೆ ಉರಿಯುತ್ತಿದ್ದದ್ದು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಇಲ್ಲಿ ಹಿತ್ತಲ ಗಿಡಕ್ಕೇ ಮದ್ದಿಲ್ಲ! ದಿನಾ ನಲವತ್ತು ಡಾಕ್ಟರು ಅವಳ ಮುಂದೆ ತಟ್ಟೆ ಚಾಚುತ್ತಿದ್ದರು, ನಲವತ್ತು ಜನರಿಗೂ ಅವಳ ಹೊಟ್ಟೆಯ ವಿಷಯ ಗೊತ್ತಿತ್ತು, ಒಬ್ಬರೂ ಆ ಹೊಟ್ಟೆಯನ್ನು ಮುಟ್ಟಿ ನೋಡಿರಲಿಲ್ಲ. ಬೀದಿಯಲ್ಲಿ ಹೋಗುವ ಅಪರಿಚಿತನಾದರೂ ಆ ಕಿಟಕಿಗೆ ಬಂದು ಚೀಟಿ ಬರೆಸಿದರೆ ಮಂಚದ ಮೇಲೆ ಮಲಗಿಸಿ ನೋಡುತ್ತಿದ್ದರು. ಸೌಟಕ್ಕನಿಗೆ ಚೀಟಿ ಯಾಕೆ, ಅವಳು ಮನೆಯವಳಲ್ಲವೇ? ಮನೆಯವಳ ಕಾಯಿಲೆಯನ್ನು ಎಲ್ಲ ಮನೆಗಳಲ್ಲೂ ಹೇಗೆ ನೋಡುತ್ತಾರೋ ಹಾಗೇ ನೋಡಿದರು: ಊಟ ಮಾಡುತ್ತಾ.

ಎರಡು ಸೌಟು ಬಡಿಸುವಷ್ಟು ಹೊತ್ತಿನಲ್ಲಿ ಒಂದು ರೋಗನಿರ್ಣಯ. ಮೂಳೆ ಡಾಕ್ಟರು ಅನ್ನ ಹಾಕಿಸಿಕೊಳ್ಳುತ್ತಾ ಭುಜದ ಸವೆತ ಎಂದರು. ಮನಸ್ಸಿನ ಡಾಕ್ಟರು ಸೊಪ್ಪು ಬೇಡವೆನ್ನುತ್ತಾ ಟೆನ್ಶನ್ ಎಂದರು. ಹೃದಯದ ಡಾಕ್ಟರು ಒಳ್ಳೆಯವರು, ಒಮ್ಮೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದರು. ಹೃದಯ ಗಟ್ಟಿಯಾಗಿದೆ ಎಂದು ತಿಳಿದ ಮೇಲೆ ಅವರ ಪಾಲಿಗೆ ಉಳಿದ ದೇಹ ಇರಲೇ ಇಲ್ಲ. ಮಿಕ್ಕವರೆಲ್ಲ ಗ್ಯಾಸು. ಲಿಫ್ಟಿನವನೂ ಗ್ಯಾಸು, ಕಾವಲುಗಾರನೂ ಗ್ಯಾಸು, ಮನೆಯಲ್ಲಿ ಗಂಡನೂ “ಸೋಡಾ ಕುಡಿ, ಗ್ಯಾಸು.” ದೊಡ್ಡ ಸರ್ ಅವರಂತೂ ಕ್ಯಾಂಟೀನ್ ಸಮಿತಿಯ ಅಧ್ಯಕ್ಷರು ಬೇರೆ, ಅವರು ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕ ಹಿಡಿದು ಬಂದು “ಗ್ಯಾಸ್ ಎಷ್ಟು ಸಿಲಿಂಡರ್ ಖರ್ಚಾಯ್ತು, ಎಣ್ಣೆ ಎಷ್ಟು ಡಬ್ಬ” ಎಂದು ಕೇಳುತ್ತಿದ್ದರು. ಆ ಮನುಷ್ಯನಿಗೆ ಒಲೆಯಲ್ಲೂ ಗ್ಯಾಸು, ಹೊಟ್ಟೆಯಲ್ಲೂ ಗ್ಯಾಸು.

ಔಷಧದ ಅಂಗಡಿಯ ಮುದುಕ ಒಂದು ಹೆಜ್ಜೆ ಮುಂದೆ ಹೋಗಿ ಗುಟ್ಟಿನ ಚಿಕಿತ್ಸೆ ಹೇಳಿಕೊಟ್ಟ. ಖಾಲಿ ಹೊಟ್ಟೆಗೆ ಒಂದು ಲೋಟ ಎಣ್ಣೆ, ಅರ್ಧ ಲೋಟ ನಿಂಬೆರಸ. ಒಳಗಿನ ಕೊಳೆಯೆಲ್ಲ ಹಸಿರು ಗುಳಿಗೆಯಾಗಿ ಹೊರಗೆ ಬೀಳುತ್ತದಂತೆ. ರಜೆಯ ದಿನ ಸೌಟಕ್ಕ ಕಣ್ಣು ಮುಚ್ಚಿ ಕುಡಿದಳು. ಅರ್ಧ ದಿನ ನೆಲದ ಮೇಲೆ ಹೊರಳಾಡಿದಳು. ಗುಳಿಗೆಗಳು ಬಿದ್ದದ್ದು ಹೌದು. ನಾದಿನಿ ಮೂಗು ಮುಚ್ಚಿಕೊಂಡು ಎರಡನ್ನು ಡಬ್ಬಿಯಲ್ಲಿ ಹಾಕಿ ಪ್ರಯೋಗಾಲಯಕ್ಕೆ ಒಯ್ದಳು. ಅಲ್ಲಿನ ಹೆಂಗಸು ಬೆರಳಲ್ಲಿ ಒತ್ತಿ ನೋಡಿ, “ಇದು ಸಾಬೂನು ಕಣೇ. ಕುಡಿದ ಎಣ್ಣೆನೇ ಗಟ್ಟಿಯಾಗಿ ಬಂದಿದೆ. ಯಾರು ಹೇಳಿದ್ದು ಕುಡಿಯೋಕೆ?” ಎಂದಳು.

“ಮೂರು ವರ್ಷದಿಂದ ಎಲ್ರೂ ನಮ್ಮತ್ತಿಗೆಗೆ ಸಾಬೂನೇ ಹಚ್ತಿದ್ದಾರೆ, ಬಿಡಿ,” ಎಂದು ನಾದಿನಿ ಡಬ್ಬಿ ಎಸೆದು ಬಂದಳು.

ಟೈ ಪ್ರಸಂಗವಾದದ್ದು ಇದಾದ ಹತ್ತನೇ ದಿನಕ್ಕೆ. ಅಂದು ಮಧ್ಯಾಹ್ನವೇ ನಾದಿನಿ ಕಿಟಕಿಗೆ ವಾಪಸ್ ಹೋಗಿ ಒಂದು ಚೀಟಿ ಎಳೆದುಕೊಂಡಳು. ಅತ್ತಿಗೆಯ ಹೆಸರು ಬರೆದಳು. ವಯಸ್ಸು ನಲವತ್ತಾರು. ತೊಂದರೆ ಎಂಬಲ್ಲಿ ಇರುವುದು ಒಂದೇ ಗೆರೆ. ಅವಳು ಚೀಟಿ ತಿರುಗಿಸಿ ಹಿಂದೆಯೂ ಬರೆದಳು. ನೋವು ಬರುವುದು ಬುಧವಾರ, ಶನಿವಾರ. ಆ ದಿನಗಳಲ್ಲೇ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಕರಿಯುವುದು. ಕರಿದು ಒಂದು ಗಂಟೆಗೆ ನೋವು. ಜಾಗ ಇಂಥದ್ದು, ಹೋಗುವ ದಾರಿ ಇಂಥದ್ದು. ಗ್ಯಾಸ್ ಮಾತ್ರೆ ನೂರಾರು ನುಂಗಿದರೂ ಬಗ್ಗಿಲ್ಲ.

ಚೀಟಿ ಹೋದದ್ದು ಹೊಸದಾಗಿ ಬಂದಿದ್ದ ಸರ್ಜನ್ ಅಮ್ಮನ ಮೇಜಿಗೆ. ಆಕೆ ಮನೆಯಿಂದ ಡಬ್ಬಿ ತರುವವಳು, ಕ್ಯಾಂಟೀನಿಗೆ ಇಳಿದವಳೇ ಅಲ್ಲ. ಹಾಗಾಗಿ ಸೌಟಕ್ಕ ಆಕೆಗೆ ಮನೆಯವಳಾಗಿರಲಿಲ್ಲ, ರೋಗಿಯಾಗಿದ್ದಳು. ಚೀಟಿಯ ಹಿಂದೂ ಮುಂದೂ ಓದಿ, “ಪಿತ್ತಕೋಶದಲ್ಲಿ ಕಲ್ಲಿರಬಹುದು. ಸ್ಕ್ಯಾನ್ ಮಾಡಿಸೋಣ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು,” ಎಂದು ಬರೆದುಕೊಟ್ಟಳು.

ಮರುದಿನ ಹತ್ತೂವರೆಗೆ ಸೌಟಕ್ಕ ಏಪ್ರನ್ ಬಿಚ್ಚಿಟ್ಟು ಸ್ಕ್ಯಾನಿಂಗ್ ಕೋಣೆಗೆ ಹೋದಳು.

“ಏನಾದ್ರೂ ತಿಂದ್ರಾ?” ಎಂದಳು ಸ್ಕ್ಯಾನಿಂಗಿನಾಕೆ, ಹೊಟ್ಟೆಗೆ ತಣ್ಣನೆಯ ಲೋಳೆ ಸವರುತ್ತಾ.

“ಅಯ್ಯೋ ಇಲ್ಲಮ್ಮ. ನಿನ್ನೆ ರಾತ್ರಿಯಿಂದ ಒಂದಗುಳು ಇಲ್ಲ.”

ವರದಿ ಬಂತು: ಪಿತ್ತಕೋಶ ಮುದುಡಿಕೊಂಡಿದೆ, ಒಳಗೇನಿದೆ ಸರಿಯಾಗಿ ಕಾಣಿಸುತ್ತಿಲ್ಲ, ಕರುಳಿನ ಗ್ಯಾಸ್ ಅಡ್ಡ ಬಂದಿದೆ.

ಸರ್ಜನ್ ಅಮ್ಮ ಅಂದು ಆಪರೇಷನ್ ಕೋಣೆಯಲ್ಲಿದ್ದಳು. ನಾದಿನಿ ವರದಿ ಹಿಡಿದು ಕ್ಯಾಂಟೀನಿಗೆ ಇಳಿಯುವಷ್ಟರಲ್ಲಿ ದೊಡ್ಡ ಸರ್ ಸಾಲಿನಲ್ಲಿದ್ದರು. ತಟ್ಟೆಯನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ವರದಿ ತೆಗೆದುಕೊಂಡು ಕೊನೆಯ ಸಾಲು ಮಾತ್ರ ಓದಿದರು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು!

“ನೋಡಿ, ಮಷೀನೇ ಬರ್ಕೊಟ್ಟಿದೆ. ಗ್ಯಾಸು! ನಾನು ಸೂಪಲ್ಲಿ ಮುಖ ಇಟ್ಕೊಂಡು ಹೇಳಿದ್ದನ್ನ ಅದು ಕೋಣೆಯಲ್ಲಿ ಕೂತು ಹೇಳಿದೆ.”

ಮತ್ತೆ ನಲವತ್ತು ಬಾಯಿ ನಕ್ಕವು. ಸೌಟಕ್ಕನೂ ನಕ್ಕಳು. ಅವಳು ನಕ್ಕದ್ದನ್ನೇ ನಾದಿನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಹೆಂಗಸಿನ ಹೊಟ್ಟೆಯಲ್ಲಿ ಕಲ್ಲಿರದೆ ಇನ್ನೇನಿರುತ್ತದೆ ಎಂದು ಗೊಣಗುತ್ತಾ ಊಟ ಬಿಟ್ಟು ಮೇಲೆ ಹೋದಳು.

ಸ್ಕ್ಯಾನಿಂಗಿನಾಕೆಯನ್ನೇ ಹಿಡಿದು ಕೇಳಿದಳು. “ಮುದುಡಿಕೊಂಡಿದೆ ಅಂದ್ರೇನು?”

“ಪಿತ್ತಕೋಶ ಅಂದ್ರೆ ಒಂದು ಸಣ್ಣ ಚೀಲ. ಉಪವಾಸ ಇದ್ರೆ ತುಂಬ್ಕೊಂಡು ಉಬ್ಬಿರುತ್ತೆ, ಚೆನ್ನಾಗಿ ಕಾಣುತ್ತೆ. ಜಿಡ್ಡಿಂದು ಹೊಟ್ಟೆಗೆ ಬಿದ್ದ ತಕ್ಷಣ ಹಿಂಡ್ಕೊಂಡು ಖಾಲಿಯಾಗುತ್ತೆ. ನಿಮ್ಮತ್ತಿಗೆ ಏನೋ ತಿಂದಿದ್ದಾರೆ ಬಿಡಿ. ಕೇಳಿದ್ರೆ ಇಲ್ಲ ಅಂತಾರೆ.”

“ನಮ್ಮತ್ತಿಗೆ ಏನ್ ಬೇಕಾದ್ರೂ ಮಾಡ್ತಾರೆ, ಸುಳ್ಳು ಹೇಳಲ್ಲ!”

ಹೇಳಿದ್ದೇನೋ ಹೇಳಿದಳು. ಮರುದಿನ ಬೆಳಿಗ್ಗೆ ಆರಕ್ಕೇ ಕ್ಯಾಂಟೀನಿಗೆ ಇಳಿದು ಬಾಗಿಲ ಬಳಿ ನಿಂತಳು. ಅತ್ತಿಗೆ ಬೆಣ್ಣೆಯ ಆಲೂಗಡ್ಡೆಗೆ ಚಮಚ ಇಳಿಸಿದಳು, ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು, ಉಪ್ಪು ಉದುರಿಸಿದಳು. ಮತ್ತೆ ಚಮಚ. ಪಕ್ಕದ ಪಾತ್ರೆಗೆ ಹೋದಳು. ಕೆನೆ. ಚಮಚ. ನಾದಿನಿ ಎಣಿಸುತ್ತಾ ನಿಂತಳು. ಇಪ್ಪತ್ತಾರಕ್ಕೆ ಎಣಿಕೆ ಬಿಟ್ಟಳು.

“ಅತ್ತಿಗೆ! ಏನ್ ಮಾಡ್ತಿದ್ದೀರಿ?”

“ಕುರುಡಿನಾ ನೀನು? ರುಚಿ ನೋಡ್ತಿದ್ದೀನಿ.”

“ನಿನ್ನೆ ಸ್ಕ್ಯಾನಿಂಗ್ ಮುಂಚೆನೂ ನೋಡಿದ್ರಾ?”

“ನೋಡದೇ ಹೇಗೆ ಕಳಿಸ್ಲಿ?”

“ಏನೂ ತಿಂದಿಲ್ಲ ಅಂದ್ರಲ್ಲ!”

ಸೌಟಕ್ಕ ಚಮಚವನ್ನು ಏಪ್ರನ್ನಿಗೆ ಒರೆಸಿ, ನಾದಿನಿಯನ್ನು ಮರುಕದಿಂದ ನೋಡಿದಳು. “ಹುಚ್ಚಿ, ರುಚಿ ನೋಡೋದು ತಿನ್ನೋದಾ? ತಿನ್ನೋದು ಅಂದ್ರೆ ತಟ್ಟೆ ಬೇಕು, ಕೂತ್ಕೋಬೇಕು. ಇದು ಕೆಲಸ.”

ಹದಿನೇಳು ವರ್ಷ ಅರ್ಧರ್ಧ ಚಮಚವಾಗಿ ಅವಳು ಎಷ್ಟು ಬೆಣ್ಣೆ, ಎಷ್ಟು ಕೆನೆ ಒಳಗೆ ಕಳಿಸಿದ್ದಳೋ! ನಾದಿನಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ; ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಸರ್ಜನ್ ಅಮ್ಮ ಮತ್ತೊಂದು ಸ್ಕ್ಯಾನಿಗೆ ಬರೆದುಕೊಟ್ಟಳು. ಆ ದಿನ ರಜೆ ಹಾಕಿ ಎಂದು ನಾದಿನಿ ಹೇಳಿದರೆ ಸೌಟಕ್ಕ ಒಪ್ಪಲಿಲ್ಲ. ಅಡುಗೆ ಮಾಡುತ್ತೇನೆ, ರುಚಿ ನೋಡುವುದಿಲ್ಲ, ಸರಿಯಾ? ನಾದಿನಿ ಕಿಟಕಿಗೆ ತಡವಾಗಿ ಬರುತ್ತೇನೆಂದು ಹೇಳಿ ಬಂದು, ಆಪರೇಷನ್ ಕೋಣೆಯ ಮುಖಗವಸನ್ನು ಅತ್ತಿಗೆಯ ಬಾಯಿಗೆ ತಾನೇ ಕಟ್ಟಿ, ಚಮಚವನ್ನು ತನ್ನ ಚೀಲಕ್ಕೆ ಹಾಕಿಕೊಂಡು ಒಲೆಯ ಪಕ್ಕ ಸ್ಟೂಲಿನ ಮೇಲೆ ಕಾವಲು ಕುಳಿತಳು. ಸೌಟಕ್ಕ ಕಣ್ಣಳತೆಯಲ್ಲೇ ಉಪ್ಪು ಹಾಕಿದಳು. ಹಿಂದಿನ ಸಂಜೆಯಿಂದ ಮೈ ಬೆಚ್ಚಗಿತ್ತು, ನೋವು ಬಂದದ್ದು ಈ ಸಲ ಹೋಗಿರಲೇ ಇಲ್ಲ. ಅದನ್ನವಳು ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ನಾದಿನಿಗೆ ಈಗಲೂ ಮೈ ಉರಿಯುತ್ತದೆ. ಬೆಳಗಿನ ತಿಂಡಿ ಮೇಲಕ್ಕೆ ಹೋಗಿ ಕಾಲು ಗಂಟೆಯಾಗಿಲ್ಲ, ಗೋಡೆಯ ಫೋನು ಬಡಿದುಕೊಳ್ಳತೊಡಗಿತು. ಮೂರನೇ ಮಹಡಿ: ಗಂಜಿಗೆ ಉಪ್ಪು ಜಾಸ್ತಿ. ಐದನೇ ಮಹಡಿ: ಉಪ್ಪು. ಮೂಳೆ ಡಾಕ್ಟರು ಖುದ್ದಾಗಿ ಇಳಿದು ಬಂದರು. ಹೃದಯದವರು ರಕ್ತದೊತ್ತಡದ ಬಗ್ಗೆ ಉಪನ್ಯಾಸ ಕೊಟ್ಟರು. ಸಮಿತಿಯಿಂದ ಒಂದು ಕಾಗದವೂ ಬಂತು, ದೊಡ್ಡ ಸರ್ ಅವರ ಸಹಿ ಹೊತ್ತು.

ನಾದಿನಿ ಸ್ಟೂಲಿನಿಂದ ಎದ್ದು ನಿಂತಳು. “ಮೂರು ವರ್ಷ ಈಕೆ ಹೊಟ್ಟೇಲಿರೋ ಕಲ್ಲು ನಿಮ್ಮಲ್ಲಿ ಒಬ್ರಿಗೂ ಕಾಣ್ಲಿಲ್ಲ. ಗಂಜೀಲಿರೋ ಒಂದು ಕಲ್ಲು ಉಪ್ಪು ಒಂದೇ ಚಮಚಕ್ಕೆ ನಲವತ್ತು ಜನಕ್ಕೂ ಗೊತ್ತಾಗೋಯ್ತಾ? ಎಂಥಾ ನಾಲಿಗೆ ಸ್ವಾಮಿ ನಿಮ್ದು!”

ಮೂಳೆ ಡಾಕ್ಟರು ಬಾಯಿ ತೆರೆದರು. ಅಷ್ಟರಲ್ಲಿ ಸೌಟಕ್ಕ ಒಲೆ ಆರಿಸಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಕುಸಿದಳು. ಈ ಸಲ ಯಾರೂ ನಗಲಿಲ್ಲ. ತಳ್ಳುಮಂಚ ಬಂತು. ಅದನ್ನು ತಳ್ಳಿದವರಲ್ಲಿ ಮೂಳೆ ಡಾಕ್ಟರೂ ಒಬ್ಬರು, ಅಷ್ಟರಮಟ್ಟಿಗೆ ಅವರಿಗೆ ಮಾಫಿ.

ಸರ್ಜನ್ ಅಮ್ಮ ಬಲಪಕ್ಕೆಯ ಕೆಳಗೆ ಬೆರಳೊತ್ತಿ, “ಉಸಿರು ಒಳಗೆ ಎಳ್ಕೊಳ್ಳಿ,” ಎಂದಳು. ಸೌಟಕ್ಕ ಎಳೆದುಕೊಂಡಳು, ಅರ್ಧಕ್ಕೆ ಉಸಿರು ಕತ್ತರಿಸಿದಂತೆ ನಿಂತುಹೋಯಿತು. ಅಷ್ಟೇ ಪರೀಕ್ಷೆ. ಒಂದು ಕೈ, ಒಂದು ಉಸಿರು. ಮೂರು ವರ್ಷದಲ್ಲಿ ಡಾಕ್ಟರೊಬ್ಬರು ಆ ಹೊಟ್ಟೆಯ ಮೇಲೆ ಇಟ್ಟ ಮೊದಲ ಕೈ ಅದು. ನಾದಿನಿ ಗೋಡೆಯ ಕಡೆ ತಿರುಗಿಕೊಂಡಳು.

ಸ್ಕ್ಯಾನಿನ ಪರದೆಯಲ್ಲಿ ಈಗ ಚೀಲ ತುಂಬಿ ನಿಂತಿತ್ತು. ಒಳಗೆ ಅವರೆಕಾಳಿನಷ್ಟು, ಕಡಲೆಯಷ್ಟು, ಸಾಸಿವೆಯಷ್ಟು ಕಲ್ಲುಗಳು. ಚೀಲದ ಗೋಡೆ ಊದಿ ದಪ್ಪಗಾಗಿತ್ತು.

“ಸೋಂಕು ಶುರುವಾಗಿದೆ,” ಎಂದಳು ಸರ್ಜನ್ ಅಮ್ಮ. “ಇನ್ನೂ ತಡ ಮಾಡಿದ್ರೆ ಚೀಲ ಒಡೀಬಹುದು. ಸಣ್ಣ ಕಲ್ಲೊಂದು ಜಾರಿ ಪಿತ್ತದ ನಾಳಕ್ಕೆ ಸಿಕ್ಕಿಹಾಕ್ಕೊಂಡ್ರೆ ಕಾಮಾಲೆ. ಇನ್ನೂ ಕೆಳಗಿಳಿದ್ರೆ ಮೇದೋಜೀರಕ ಗ್ರಂಥಿಗೇ ಉರಿಯೂತ, ಅದು ಜೀವಕ್ಕೇ ಅಪಾಯ. ಈಗ ಡ್ರಿಪ್ ಹಾಕಿ ಆ್ಯಂಟಿಬಯಾಟಿಕ್ ಕೊಡ್ತೀವಿ. ನಾಳೆ ಆಪರೇಷನ್.”

“ಕಲ್ಲು ಕರಗಿಸೋ ಮಾತ್ರೆ ಇಲ್ವಾ?” ಎಂದಳು ನಾದಿನಿ.

“ಇಂಥಾ ಹೊತ್ತಲ್ಲಿ ಅದನ್ನ ನಂಬ್ಕೊಂಡು ಕೂರೋಕಾಗಲ್ಲ. ಬರೀ ಕಲ್ಲು ತೆಗೆದ್ರೆ ಚೀಲ ಮತ್ತೆ ಮಾಡ್ಕೊಳ್ಳುತ್ತೆ. ಚೀಲಾನೇ ತೆಗೀಬೇಕು. ಅದಿಲ್ದೇನೂ ಊಟ ಜೀರ್ಣ ಆಗುತ್ತೆ, ಹೆದರ್ಬೇಡಿ.”

ಸೌಟಕ್ಕ ಹೆದರಿದ್ದು ಬೇರೆ ವಿಷಯಕ್ಕೆ. “ನಾಲಿಗೆಗೇನೂ ಆಗಲ್ಲ ತಾನೆ?”

ನಾಲ್ಕು ಸಣ್ಣ ತೂತು, ಒಂದೂವರೆ ಗಂಟೆ. ಮೂವತ್ತೊಂದು ಕಲ್ಲು ಬಂತು. ಎಚ್ಚರವಾದ ಮೇಲೆ ಬಲಭುಜ ನೋಯುತ್ತಿದೆ ಎಂದಾಗ ನಾದಿನಿ ಓಡಿಹೋಗಿ ನರ್ಸನ್ನು ಕರೆದಳು. ನರ್ಸು ಬಂದು, ಆಪರೇಷನ್ನಿಗೆಂದು ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸು ಸ್ವಲ್ಪ ಉಳಿದಿರುತ್ತದೆ, ಎರಡು ದಿನದಲ್ಲಿ ಹೋಗುತ್ತದೆ ಎಂದಳು. ಮೂರು ವರ್ಷ ಇಲ್ಲದ ಗ್ಯಾಸನ್ನು ಕೊನೆಗೂ ಆಸ್ಪತ್ರೆಯವರೇ ತುಂಬಿಸಿ ತಮ್ಮ ಮಾತು ಉಳಿಸಿಕೊಂಡರಲ್ಲ ಎಂದು ನಾದಿನಿ ನಕ್ಕಳು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು “ನಗಿಸ್ಬೇಡ್ವೇ, ಹೊಲಿಗೆ ಎಳೆಯುತ್ತೆ,” ಎಂದು ಬೇಡಿಕೊಂಡಳು.

ಆದರೆ ನಾದಿನಿಯ ಸಿಟ್ಟಿಗೆ ಹೊಲಿಗೆ ಬಿದ್ದಿರಲಿಲ್ಲ. ಕಲ್ಲು ಹೊರಗೆ ಬಂದರೆ ಸಾಕೇ? ಮಾತು ಹೊರಗೆ ಬರುವುದು ಬೇಡವೇ? ಅತ್ತಿಗೆಯ ಬಾಯಿಂದಲೇ ಬರಬೇಕು, ಮುಖಕ್ಕೆ ಮುಖ ಕೊಟ್ಟು. ಸತ್ತಿದ್ದರೆ? ಕೆಳಗೆ ಇಷ್ಟೆಲ್ಲ ಬಿಳಿ ಕೋಟುಗಳ ನಡುವೆ, ಕೈಯಲ್ಲಿ ಸೌಟು ಹಿಡಿದುಕೊಂಡೇ ಸತ್ತಿದ್ದರೆ, ಸಂತಾಪ ಸಭೆಯಲ್ಲೂ ಗ್ಯಾಸು ಎಂದೇ ಹೇಳುತ್ತಿದ್ದರು!

“ದೊಡ್ಡ ಸರ್ ಸಾಯಂಕಾಲ ನೋಡೋಕೆ ಬರ್ತಾರಂತೆ,” ಎಂದು ಮೂರನೇ ದಿನ ಅವಳು ದಿಂಬು ಸರಿಮಾಡುತ್ತಾ ಪಾಠ ಹೇಳಿಕೊಟ್ಟಳು. “ನಗಬೇಡಿ. ಪರವಾಗಿಲ್ಲ ಸರ್ ಅನ್ನಬೇಡಿ. ಊಟ ಆಯ್ತಾ ಅಂತಂತೂ ಕೇಳ್ಲೇಬೇಡಿ. ಮೂರು ವರ್ಷದಲ್ಲಿ ಒಂದ್ಸಲ ಕೈಯಿಟ್ಟು ನೋಡೋಕೆ ನಿಮಗೇನಾಗಿತ್ತು ಅಂತ ಕೇಳಿ. ನೀವು ಕೇಳ್ದಿದ್ರೆ ನಾನು ಕೇಳ್ತೀನಿ, ನನ್ನ ಕೆಲಸ ಹೋಗುತ್ತೆ, ನೋಡಿ.”

“ಕೇಳ್ತೀನಿ ಬಿಡೇ, ಸುಮ್ನಿರು.”

ಸಾಯಂಕಾಲ ದೊಡ್ಡ ಸರ್ ಬಂದರು. ಹಿಂದೆ ಐದಾರು ಕಿರಿಯ ಡಾಕ್ಟರುಗಳು, ಸರ್ಜನ್ ಅಮ್ಮ. ಮೇಜಿನ ಮೇಲಿನ ಪುಟ್ಟ ಬಾಟಲಿಯಲ್ಲಿದ್ದ ಕಲ್ಲುಗಳನ್ನು ಅವರು ಬೆಳಕಿಗೆ ಹಿಡಿದು ನೋಡಿದರು, ಕೆಮ್ಮಿದರು, ಕೆಳಗಿಟ್ಟರು. ತಪ್ಪಿತಸ್ಥರು ಪ್ರೀತಿಯಿಂದ ಗದರಿಸುವ ಒಂದು ದನಿ ಇದೆ. ಆ ದನಿ ತೆಗೆದರು.

“ನೀವೂ ತಪ್ಪು ಮಾಡಿದ್ರಿ ನೋಡಿ. ನಾಲ್ಕನೇ ಮಹಡೀಲಿ ನನ್ನ ಕೋಣೆ ಇದೆ. ದಿನಾ ನೂರು ಹೊಟ್ಟೆ ನೋಡ್ತೀನಿ. ಇಷ್ಟು ವರ್ಷ ನಂಗೆ ಊಟ ಹಾಕಿದ್ದೀರಿ. ಒಂದೇ ಒಂದು ಸಲ ಮೇಲೆ ಬಂದು ನನ್ನ ಹತ್ರ ಯಾಕೆ ತೋರಿಸ್ಕೊಳ್ಲಿಲ್ಲ?”

ಕಿರಿಯ ಡಾಕ್ಟರುಗಳು ನೆಲ ನೋಡಿದರು. ನಾದಿನಿ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು, ಬಂತು, ಈಗ ಬಂತು ಎಂದು ಅತ್ತಿಗೆಯ ಮುಖವನ್ನೇ ನೋಡುತ್ತಾ ನಿಂತಳು.

ಸೌಟಕ್ಕ ದೊಡ್ಡ ಸರ್ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ನಿಜವಾಗಿಯೂ ಆಶ್ಚರ್ಯವಾಗಿತ್ತು ಅವಳಿಗೆ.

“ಅಯ್ಯೋ, ನೀವೂ ಡಾಕ್ಟ್ರಾ ಸರ್?” ಎಂದಳು. “ನಾನು ಇಷ್ಟು ವರ್ಷನೂ ನಿಮ್ಮನ್ನ ಲೆಕ್ಕಪತ್ರದವ್ರು ಅಂತ ಅನ್ಕೊಂಡಿದ್ದೆ.”